ಸೊಟ್ಟ ಹಲ್ಲು, ತೆಳು ಐರನ್

ಅವನನ್ನು ಗೆಳೆಯರು ದವಡೆ ಎಂದು ಕರೆಯುತ್ತಿದ್ದರು. ಹಲ್ಲು ಕಟ್ಟುವ ಕೆಲಸದವನಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ. ಮನೆಯ ಬಾಗಿಲಿನ ಬೋರ್ಡಿನಲ್ಲಿ ಬೇರೆ ಹೆಸರೊಂದಿತ್ತು, ನಿಜ. ಆದರೆ ಅದನ್ನು ಓದುತ್ತಿದ್ದವನು ಅಂಚೆಯವನೊಬ್ಬನೇ.

ಹಲ್ಲಿನ ಡಾಕ್ಟರ ಆಸ್ಪತ್ರೆಯ ಹಿಂಭಾಗದಲ್ಲಿ, ಕಾರು ನಿಲ್ಲಿಸುವ ಜಾಗಕ್ಕೆ ಕಿಟಕಿ ತೆರೆಯುವ ಒಂದು ಕೋಣೆ. ಅದರಲ್ಲಿ ಇಪ್ಪತ್ತಾರು ವರ್ಷದಿಂದ ದವಡೆ ಒಬ್ಬನೇ ಕೂತು ಊರಿನವರ ನಗು ತಯಾರಿಸುತ್ತಿದ್ದ. ಮೇಜಿನ ಮೇಲೆ ಗ್ಯಾಸಿನ ಸಣ್ಣ ಉರಿ, ಮೇಣದ ಹಾಳೆ, ಮೊನೆ ಬಾಗಿದ ಚಾಕುಗಳು, ಮೂಲೆಯಲ್ಲಿ ಪಾಲಿಶ್ ಚಕ್ರ, ಅದರ ಪಕ್ಕ ಗಾಜಿನ ಪೆಟ್ಟಿಗೆಯೊಳಗೆ ನುಣ್ಣನೆ ಮರಳನ್ನು ಗಾಳಿಯ ರಭಸದಲ್ಲಿ ಉಗುಳುವ ಒಂದು ಯಂತ್ರ. ಗೋಡೆಯ ಹಲಗೆಯ ಮೇಲೆ ಪ್ಲಾಸ್ಟರಿನ ದವಡೆಗಳು ಸಾಲಾಗಿ ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದವು. ನಲವತ್ತು ಬಾಯಿ ತೆರೆದಿದ್ದೂ ಒಂದು ಮಾತಿಲ್ಲದ ಸಭೆ ಇದೊಂದೇ ಎಂದು ಅವನು ಹೆಂಡತಿಗೆ ಹೇಳುತ್ತಿದ್ದ. ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕೆಲಸದ ಆಕೆಗೆ ಇದು ಹೊಟ್ಟೆಕಿಚ್ಚಿನ ವಿಷಯವೇ ಆಗಿತ್ತು.

ಅವನ ಕಸುಬಿನಲ್ಲಿ ಒಂದು ಗುಟ್ಟಿತ್ತು. ಹೊಸಬರು ಹಲ್ಲು ಕಟ್ಟಿದರೆ ಮುತ್ತು ಪೋಣಿಸಿದಂತೆ ಒಂದೇ ಸಮ ಕಟ್ಟುತ್ತಾರೆ. ಹಾಕಿಕೊಂಡವರು ಬಾಯಿ ತೆರೆದರೆ ಎದುರಿನವರಿಗೆ ಕಣ್ಣಿಗೆ ಹೊಡೆಯುತ್ತದೆ. ದವಡೆ ಹಾಗಲ್ಲ. ಎಲ್ಲ ಹಲ್ಲನ್ನೂ ಸರಿಯಾಗಿ ಕೂರಿಸಿ, ಕೊನೆಗೆ ಮೇಲಿನ ಸಾಲಿನಲ್ಲಿ ಎಡಗಡೆಯ ಎರಡನೆಯದನ್ನು ಬೆಚ್ಚಗಿನ ಚಾಕುವಿನಿಂದ ಕೂದಲೆಳೆಯಷ್ಟು ತಿರುಗಿಸಿಬಿಡುತ್ತಿದ್ದ. ದೇವರು ಕೊಟ್ಟ ಬಾಯಿಯಲ್ಲಿ ಯಾವುದೂ ಪೂರ್ತಿ ನೆಟ್ಟಗಿರುವುದಿಲ್ಲ ಎಂಬುದು ಅವನ ಸಿದ್ಧಾಂತ. ಆ ಒಂದು ಸೊಟ್ಟದಿಂದಾಗಿ ಅವನು ಕಟ್ಟಿದ ಹಲ್ಲನ್ನು ಹೆಂಡತಿಯರೂ ಕಂಡುಹಿಡಿಯಲಾರದೆ ಹೋದ ಉದಾಹರಣೆಗಳಿದ್ದವು.

ಇಂಥ ನಿಖರವಾದ ಕೈ ಭಾನುವಾರ ಗಾಲ್ಫ್ ಮೈದಾನಕ್ಕೆ ಹೋದ ಕೂಡಲೇ ಯಾರದೋ ಕೈ ಆಗಿಬಿಡುತ್ತಿತ್ತು.

ಆಟ ಹಚ್ಚಿದ್ದು ಡಾಕ್ಟರೇ, ಹನ್ನೆರಡು ವರ್ಷದ ಹಿಂದೆ. ಊರಾಚೆಯ ಆ ಮೈದಾನ ದೊಡ್ಡವರ ಕ್ಲಬ್ಬೇನಲ್ಲ. ಬಸ್ಸಿನ ಡ್ರೈವರು, ಶಾಲೆಯ ಮೇಡಂ, ಅಂಗಡಿ ಮುಚ್ಚಿ ಬಂದವರು, ಎಲ್ಲರೂ ಆಡುತ್ತಿದ್ದ ಜಾಗ. ಹುಲ್ಲಿಗಿಂತ ಮಣ್ಣು ಸ್ವಲ್ಪ ಹೆಚ್ಚು. ಅಲ್ಲಿ ಕಲಿಯುವವರೆಲ್ಲ ಮೊದಲು ದಪ್ಪ ಐರನ್ ಹಿಡಿಯುತ್ತಾರೆ. ಐರನ್ ಅಂದರೆ ತುದಿಯಲ್ಲಿ ಕಬ್ಬಿಣದ ತಲೆಯಿರುವ ಕೋಲು. ದೂರಕ್ಕೊಂದು, ಹತ್ತಿರಕ್ಕೊಂದು ಎಂದು ನಂಬರು ಪ್ರಕಾರ ಸಾಲಾಗಿರುತ್ತವೆ. ದಪ್ಪ ಐರನ್ನಿನ ತಲೆ ಅಗಲ, ತಳ ಭಾರ, ಮನಸ್ಸು ತಾಯಿಯದು. ಚೆಂಡನ್ನು ಎಲ್ಲಿ ತಾಗಿಸಿದರೂ ಹೇಗೋ ಒಪ್ಪ ಮಾಡಿ ಮುಂದಕ್ಕೆ ಕಳಿಸುತ್ತದೆ. ತೆಳು ಐರನ್ ಹಾಗಲ್ಲ. ನೋಡುವುದಕ್ಕೆ ಚಾಕುವಿನಂತೆ ಚೆಂದ, ನಡುವಿಗೆ ಬಿದ್ದರೆ ಚೆಂಡು ಹೇಳಿದ ಕಡೆ ಹೋಗಿ ಕೂರುತ್ತದೆ. ಬೆರಳಗಲ ತಪ್ಪಿದರೆ ಚೆಂಡು ಪೊದೆಗೆ, ಅದುರು ಮೊಣಕೈಗೆ.

ಡಾಕ್ಟರು ಎರಡನೆಯ ವರ್ಷಕ್ಕೇ ಪೇಟೆಯ ದೊಡ್ಡ ಅಂಗಡಿಯಿಂದ ತೆಳು ಐರನ್ ತಂದುಕೊಂಡಿದ್ದರು. ಅಂದಿನಿಂದ ಅವರ ಚೆಂಡುಗಳಲ್ಲಿ ಅರ್ಧ ಪೊದೆಯಲ್ಲೇ ವಾಸ. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂಬ ಗಾದೆಯನ್ನು ಹಲ್ಲಿನ ಡಾಕ್ಟರ ಮೇಲೆಯೇ ಹೇಳುವ ಅವಕಾಶ ದವಡೆಗೆ ವಾರಕ್ಕೊಮ್ಮೆ ಸಿಗುತ್ತಿತ್ತು. ಸಂಬಳ ಕೊಡುವವರಾದ್ದರಿಂದ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ.

ದವಡೆಗೂ ಅಂಗಡಿಗೆ ಹೋಗಿ ತರುವುದು ಆಗದ ಮಾತಲ್ಲ. ಆದರೆ ಆ ಮೈದಾನದಲ್ಲಿ ಅದಕ್ಕೆ ಬೆಲೆಯಿರಲಿಲ್ಲ. ಅಲ್ಲಿ ಒಂದು ಪದ್ಧತಿಯಿತ್ತು, ಅದರ ಒಡೆಯ ಮೇಸ್ತ್ರಿ.

ಮೇಸ್ತ್ರಿ ಎಂದರೆ ಮೈದಾನದ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೋಲು ರಿಪೇರಿ ಮಾಡುವ ಮುದುಕ. ಹಿಡಿಕೆ ಬದಲಿಸುವುದು, ಉದ್ದ ಕತ್ತರಿಸುವುದು, ಕತ್ತು ಬಗ್ಗಿಸಿ ಆಡುವವನ ಎತ್ತರಕ್ಕೆ ಹೊಂದಿಸುವುದು, ಎಲ್ಲ ಅವನದೇ. ತೆಳು ಐರನ್ ಬೇಕು ಎಂದವರಿಗೆ ಅವನು ಅವರ ಹಳೆಯ ಏಳನೇ ನಂಬರು ತರಲು ಹೇಳುತ್ತಿದ್ದ. ವರ್ಷಗಟ್ಟಲೆ ಹೊಡೆದ ಕೋಲಿನ ಮುಖದ ಮೇಲೆ ಚೆಂಡು ತಾಗಿದ ಕಡೆ ಹೊಳಪು ಸವೆದು ಮಂಕಾದ ಒಂದು ಗುರುತು ಬಿದ್ದಿರುತ್ತದೆ. ಮೇಸ್ತ್ರಿಯ ಮೊಳೆಡಬ್ಬಿಯಲ್ಲಿ ಯಾವ ಕಾಲದ್ದೋ, ಎರಡೂ ಮುಖ ಸವೆದ ಒಂದು ನಾಣ್ಯವಿತ್ತು. ಅದನ್ನು ಆ ಗುರುತಿನ ಮೇಲಿಡುವುದು. ನಾಣ್ಯದಡಿ ಗುರುತು ಅಡಗಿದರೆ ಆಸಾಮಿ ತೆಳುವಿಗೆ ತಯಾರು. ಅವನಿಗೆ ತೆಳು ಐರನ್ ಹೊಂದಿಸಿ ಕೊಟ್ಟು, ಆ ಹೊಸ ಏಳನೇ ನಂಬರಿನ ಕತ್ತಿನ ಮೇಲೆ ಉಳಿಯಿಟ್ಟು ಸುತ್ತಿಗೆಯಿಂದ ಒಂದೇ ಏಟು ಹೊಡೆದು ಸಾಸಿವೆಯಷ್ಟು ಚುಕ್ಕೆ ಮೂಡಿಸುತ್ತಿದ್ದ. ಇಡೀ ಮೈದಾನದಲ್ಲಿ ಚುಕ್ಕೆಯ ಕೋಲಿದ್ದವರು ಆರೇ ಜನ. ಬಸ್ಸಿನ ಡ್ರೈವರು ಅವರಲ್ಲೊಬ್ಬ. ಡಾಕ್ಟರ ಅಷ್ಟು ದುಬಾರಿ ಕೋಲಿಗೆ ಚುಕ್ಕೆಯಿಲ್ಲ. ಚುಕ್ಕೆಯಿಲ್ಲದ ತೆಳು ಐರನ್ ಅಂದರೆ ಆ ಜನದ ಕಣ್ಣಿಗೆ ಬಾಡಿಗೆ ಕೋಟಿನ ಮದುಮಗ.

ದವಡೆಗೆ ಬೇಕಾಗಿದ್ದದ್ದು ಆ ಚುಕ್ಕೆ.

ನಾಲ್ಕು ವರ್ಷದಲ್ಲಿ ನಾಲ್ಕು ಸಲ ಏಳನೇ ನಂಬರು ಹಿಡಿದು ಶೆಡ್ಡಿನ ಬಾಗಿಲು ತುಳಿದಿದ್ದ. ಮೊದಲ ಸಲ ಮೇಸ್ತ್ರಿ ನಾಣ್ಯವನ್ನು ಹೊರಗೇ ತೆಗೆಯಲಿಲ್ಲ. ಇದು ಗುರುತಲ್ಲ, ಅಂಗಳದಲ್ಲಿ ಚೆಲ್ಲಿದ ಕಾಳು ಎಂದುಬಿಟ್ಟ. ಎರಡನೆಯ ವರ್ಷ ನಾಣ್ಯ ಸಾಲದು, ತಟ್ಟೆ ತರಬೇಕು ಎಂದ. ಮೂರನೆಯ ವರ್ಷ ನಾಣ್ಯ ಇಟ್ಟು ನೋಡಿ, ಕಾಫಿ ಕುಡಿಸಿ ಕಳಿಸಿದ. ನಾಲ್ಕನೆಯ ವರ್ಷ, ಕಾಳು ಒಂದು ಮೂಲೆಗೆ ಸೇರುತ್ತಿದೆ, ಆದರೆ ಬೇರೆ ಮೂಲೆಗೆ ಎಂದ. ದವಡೆ ಬೇಸರ ಮಾಡಿಕೊಳ್ಳಲಿಲ್ಲ. ಅವನೇ ಗಿರಾಕಿಗಳನ್ನು ಹಲ್ಲಿನ ಅಳತೆ ಸರಿಹೋಗುವ ತನಕ ನಾಲ್ಕು ಸಲ ಅಲೆಸುತ್ತಿದ್ದವನು.

ಆ ನಡುವೆ ಮೇಸ್ತ್ರಿಗೂ ಹಲ್ಲು ಕಟ್ಟಿಕೊಟ್ಟಿದ್ದ, ಮೇಲೂ ಕೆಳಗೂ. ಕನ್ನಡಿ ನೋಡಿಕೊಂಡ ಮುದುಕ, ದುಡ್ಡು ಕೊಟ್ಟು ಸೊಟ್ಟ ಹಲ್ಲು ಇಟ್ಟುಕೊಳ್ಳುವುದಕ್ಕೆ ನಾನೇನು ಹುಚ್ಚನೇ ಎಂದು ಜಗಳಕ್ಕೇ ನಿಂತಿದ್ದ. ದವಡೆ ತನ್ನ ಸಿದ್ಧಾಂತವನ್ನೆಲ್ಲ ಬಿಡಿಸಿ ಹೇಳಿ ಸಮಾಧಾನ ಮಾಡಬೇಕಾಯಿತು. ಆಮೇಲೆ ಮುದುಕ ಅದೇ ಹಲ್ಲು ತೋರಿಸಿಕೊಂಡು, ಎಲ್ಲ ನನ್ನವೇ, ಒಂದೂ ಬಿದ್ದಿಲ್ಲ ಎಂದು ಊರಿಗೆಲ್ಲ ಸುಳ್ಳು ಹೇಳುತ್ತಿದ್ದ.

ಈ ವರ್ಷ ಐದನೆಯ ಸಲವೂ ಬರಿಗೈಯಲ್ಲಿ ಮರಳುವ ತಾಳ್ಮೆ ದವಡೆಗಿರಲಿಲ್ಲ. ಕಾರಣ ಬಲಗೈ ಹೆಬ್ಬೆರಳು.

ಮೇಣದ ಚಾಕುವನ್ನು ಇಪ್ಪತ್ತಾರು ವರ್ಷ ಒತ್ತಿದ ಬೆರಳು. ಅದರ ಬುಡದಲ್ಲಿ ಮೊದಮೊದಲು ಬೆಳಗಿನ ಹೊತ್ತು ಬಿಗಿ, ಆಮೇಲೆ ಇಡೀ ದಿನ ನೋವು. ಮೂಳೆಯ ಡಾಕ್ಟರು ಫೋಟೋ ತೆಗೆದು, ಸಂದು ಸವೆಯುತ್ತಿದೆ, ಇದು ಇನ್ನು ಹಿಂದಕ್ಕೆ ಹೋಗುವುದಿಲ್ಲ, ಜೋಪಾನ ಎಂದಿದ್ದರು. ದವಡೆ ಮನೆಯಲ್ಲಿ ಹೇಳಲಿಲ್ಲ. ಹೇಳಿದರೆ ಹೆಂಡತಿ ಮೊದಲು ಕಿತ್ತುಕೊಳ್ಳುವುದು ಚಾಕುವನ್ನಲ್ಲ, ಗಾಲ್ಫ್ ಕೋಲನ್ನು ಎಂಬುದು ಅವನಿಗೆ ಗೊತ್ತಿತ್ತು. ಅವನ ಲೆಕ್ಕ ಸರಳ: ವಯಸ್ಸು ಐವತ್ತನಾಲ್ಕು, ಬೆರಳು ಇನ್ನೆರಡು ವರ್ಷ ತಡೆದೀತು. ಅಷ್ಟರೊಳಗೆ ತೆಳುವಿಗೆ ಹತ್ತದಿದ್ದರೆ ಈ ಜನ್ಮಕ್ಕೆ ದಪ್ಪವೇ ಗತಿ. ಕಲಿಯುವವನಾಗಿಯೇ ಮುಗಿದುಹೋಗುವುದು ಅವನಿಗೆ ಬೇಕಿರಲಿಲ್ಲ.

ಮನೆಯಲ್ಲಿ ಮಾತ್ರ ವಿಷಯ ಬೇರೆ ಬಣ್ಣದಲ್ಲಿ ಚರ್ಚೆಯಾಗುತ್ತಿತ್ತು. ಹೆಂಡತಿಯ ತಮ್ಮ ಸೈಕಲ್ ಅಂಗಡಿಯವನು, ಭಾನುವಾರದ ಆಟದ ಮೂರನೆಯ ಜೊತೆಗಾರ. ತನ್ನ ದಪ್ಪ ಐರನ್ನಿನಲ್ಲಿ ಸುಖವಾಗಿದ್ದವನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಅವನು ಭಾವನಿಗಾಗಿಯೇ ಮೀಸಲಿಟ್ಟಿದ್ದ.

"ಭಾವ, ಐರನ್ ಬದಲಾಯಿಸೋದೆಲ್ಲ ಯಾಕೆ? ಚೆಂಡು ಸ್ವಲ್ಪ ದೊಡ್ಡದು ಕೇಳಿ ನೋಡಿ."

"ನೀನು ಸುಮ್ಮನಿರೋ," ಎಂದು ಅಕ್ಕ ಗದರಿದಳು. ಆಮೇಲೆ ಗಂಡನ ಕಡೆ ತಿರುಗಿ, "ಅಲ್ಲಾ ರೀ, ಈಗಿರೋದು ತಪ್ಪು ಹೊಡೆದರೂ ಮುಂದಕ್ಕೆ ಹೋಗುತ್ತೆ ಅಂತೀರ. ಅಂಥದ್ದು ಜೀವನದಲ್ಲಿ ಒಂದು ಸಿಕ್ಕಿದೆ. ಅದನ್ನೂ ಬಿಟ್ಟು ಬೇರೆ ತರ್ತೀನಿ ಅಂತೀರಲ್ಲ," ಎಂದಳು.

ದಪ್ಪ ಐರನ್ ಕ್ಷಮಿಸುತ್ತದೆ, ಸರಿ. ಆದರೆ ಹನ್ನೆರಡು ವರ್ಷ ಬರೀ ಕ್ಷಮೆ ಪಡೆದವನಿಗೆ ಒಂದು ಸಲವಾದರೂ ಸರಿಯಾಗಿ ಹೊಡೆದೆ ಎಂದು ಗೊತ್ತಾಗಬೇಕಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಭಾವಮೈದ ಇನ್ನೊಂದು ಗಾದೆ ಹುಡುಕುತ್ತಾನೆ. ಆದ್ದರಿಂದ ದವಡೆ ಟೀ ಕುಡಿದು ಎದ್ದ.

ಒಂದು ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನು ಏಳನೇ ನಂಬರನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕೆಲಸದ ಕೋಣೆಗೆ ತಂದ. ಸುಮ್ಮನೆ ತೊಳೆಯೋಣವೆಂದೇ ತಂದದ್ದು ಎಂದು ತನಗೆ ತಾನೇ ಹೇಳಿಕೊಂಡ. ಪಾಲಿಶ್ ಚಕ್ರ ಅಲ್ಲೇ ಇತ್ತು. ಕೋಲಿನ ಮುಖವನ್ನು ಅದಕ್ಕೆ ಸ್ವಲ್ಪ ಹಿಡಿದ. ಚೆಲ್ಲಿದ ಕಾಳೆಲ್ಲ ಮಾಯವಾಗಿ ಕಬ್ಬಿಣ ಕನ್ನಡಿಯಂತಾಯಿತು. ಇಷ್ಟು ಮಾಡಿದ ಮೇಲೆ ಅರ್ಧಕ್ಕೆ ಬಿಡುವುದು ಕಸುಬಿಗೆ ಅವಮಾನ. ಮುಖಕ್ಕೆಲ್ಲ ಮೇಣ ಬಳಿದು, ನಡುವೆ ದುಂಡಗೆ ಒಂದು ಕಿಟಕಿ ಕತ್ತರಿಸಿದ. ನಾಣ್ಯದ ಅಳತೆ? ಕೂದಲೆಳೆಯಲ್ಲಿ ಬದುಕುವವನ ಕಣ್ಣು. ಮೂರು ಸಲ ನೋಡಿದ್ದೇ ಸಾಕಾಗಿತ್ತು. ಸುರಕ್ಷಿತವಾಗಿರಲಿ ಎಂದು ಒಂದು ಎಳೆ ಚಿಕ್ಕದನ್ನೇ ಮಾಡಿದ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಮರಳು ಬಿಟ್ಟ. ಮೇಣ ತೆಗೆದಾಗ ಏಳನೇ ನಂಬರಿನ ನಟ್ಟನಡುವೆ ಹುಣ್ಣಿಮೆ ಚಂದ್ರನಂತೆ ಮಂಕಾದ ಒಂದು ಗುರುತು.

ಹಲಗೆಯ ಮೇಲಿನ ನಲವತ್ತು ಬಾಯಿ ತೆರೆದೇ ಇದ್ದವು. ಅಂದು ಮೊದಲ ಸಲ ದವಡೆ ಅವುಗಳಿಗೆ ಬೆನ್ನು ಹಾಕಿ ಕೂತ.

ಶನಿವಾರ ಸಂಜೆ ಶೆಡ್ಡಿಗೆ ಹೋದಾಗ ಅಲ್ಲಿ ಬಸ್ಸಿನ ಡ್ರೈವರು ಹಿಡಿಕೆ ಬದಲಾಯಿಸಿಕೊಳ್ಳಲು ಬಂದು ಸ್ಟೂಲಿನ ಮೇಲೆ ಕೂತಿದ್ದ. ಸಾಕ್ಷಿ ಇರುವುದು ಒಳ್ಳೆಯದೇ, ಸುದ್ದಿ ತಾನಾಗಿ ಹಬ್ಬುತ್ತದೆ ಎಂದು ದವಡೆ ಬರುವಾಗಲೇ ಬಯಸಿದ್ದ. ಈಗ ನೋಡಿದರೆ ಡ್ರೈವರು ಎದ್ದು ಹೋದರೆ ಸಾಕು ಎನಿಸಿತು. ಡ್ರೈವರು, ಏನು ಸಾರ್, ಐದನೇ ಟ್ರಿಪ್ಪಾ ಎಂದು ಕೇಳಿದ್ದಕ್ಕೆ, ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನೇನೂ ಪಾಲಿಶ್ ಮಾಡಿಲ್ಲ, ಹಾಗೇ ತಂದಿದ್ದೀನಿ ಎಂದುಬಿಟ್ಟ.

ಮೇಸ್ತ್ರಿ ಕೋಲು ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದ. ಮೊಳೆಡಬ್ಬಿಯಿಂದ ನಾಣ್ಯ ತೆಗೆದು ಇಟ್ಟ. ಗುರುತು ಕಾಣದಂತೆ ಅಡಗಿತು. ಎತ್ತಿದ, ಚಂದ್ರ ಬಂದ. ಮತ್ತೆ ಇಟ್ಟ, ಗ್ರಹಣ. ಡ್ರೈವರು ಕತ್ತು ಚಾಚಿ ನೋಡಿ, ಅಬ್ಬಾ, ನನ್ನದೂ ಇಷ್ಟು ಚೆನ್ನಾಗಿರಲಿಲ್ಲ ಎಂದ. ದವಡೆ ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ.

ಮೇಸ್ತ್ರಿ ಡ್ರೈವರನ ಕೋಲು ಅವನ ಕೈಗೆ ಕೊಟ್ಟು, ಅಂಟು ಒಣಗಬೇಕು, ಹೊರಗೆ ಬಿಸಿಲಲ್ಲಿ ಹಿಡಿದುಕೊಂಡು ನಿಂತಿರು, ಯಾವುದಕ್ಕೂ ತಾಗಿಸಬೇಡ ಎಂದ. ಬಿಸಿಲು ಇಳಿದು ಅರ್ಧ ಗಂಟೆಯಾಗಿತ್ತು. ಆದರೂ ಮೇಸ್ತ್ರಿ ಹೇಳಿದ ಮೇಲೆ ಆಯಿತು. ಡ್ರೈವರು ಹೋಗಿ ನಿಂತ.

ಆಮೇಲೆ ಮುದುಕ ಬಾಯಿಗೆ ಬೆರಳು ಹಾಕಿ ಮೇಲಿನ ಹಲ್ಲಿನ ಸಾಲನ್ನು ಕಳಚಿದ, ಲೋಟದ ನೀರಲ್ಲಿ ಅದ್ದಿದ, ಒರೆಸಿ, ಏಳನೇ ನಂಬರಿನ ಪಕ್ಕದಲ್ಲಿ ಮೇಜಿನ ಮೇಲಿಟ್ಟ. ಉಳಿಯ ಮೊನೆಯಿಂದ ಎಡಗಡೆಯ ಎರಡನೆಯ ಹಲ್ಲನ್ನು ಒಮ್ಮೆ ತಟ್ಟಿದ. ಆಮೇಲೆ ಗುಂಡು ಗುರುತನ್ನು ಒಮ್ಮೆ ತಟ್ಟಿದ. ಹಲ್ಲನ್ನು ಬಾಯಿಗೆ ಹಾಕಿಕೊಂಡು, ಅದು ಸರಿಯಾಗಿ ಕೂರುವ ತನಕ ಅವಸರವಿಲ್ಲದೆ ದವಡೆಯಾಡಿಸಿ ಕೇಳಿದ.

"ಹೋದ ವರ್ಷದ ಕಾಳೆಲ್ಲ ಯಾವ ಕೋಳಿ ತಿಂತಪ್ಪಾ?"

ದವಡೆ ನೆಲ ನೋಡಿದ. ನೆಲದ ಮೇಲೆ ಕತ್ತರಿಸಿದ ಹಳೆಯ ಹಿಡಿಕೆಗಳ ರಬ್ಬರು ಚೂರು ಬಿದ್ದಿತ್ತು. ಅದನ್ನೇ ಎಷ್ಟು ಹೊತ್ತು ನೋಡಲಾದೀತು.

"ಎಲ್ಲ ನೆಟ್ಟಗಿದ್ದರೆ ಸುಳ್ಳು ಅಂತ ಗೊತ್ತಾಗಿಬಿಡುತ್ತೆ ಅಂದವನು ನೀನು. ನನ್ನ ಬಾಯಲ್ಲಿ ಸೊಟ್ಟ ಇಟ್ಟೆ. ಇಲ್ಲಿ ಮರೆತೆಯಲ್ಲೋ," ಎಂದ ಮೇಸ್ತ್ರಿ. ದನಿಯಲ್ಲಿ ಸಿಟ್ಟಿರಲಿಲ್ಲ. ಒಬ್ಬ ಕೆಲಸಗಾರ ಇನ್ನೊಬ್ಬನ ಕೆಲಸದಲ್ಲಿ ತಪ್ಪು ತೋರಿಸುವ ದನಿ. "ಬೀಸಿದ ಕೋಲು ಸುತ್ತಿಕೊಂಡು ಬರುತ್ತೆ, ನೆಟ್ಟಗೆ ಬರೋದಿಲ್ಲ. ಎಂಥ ಆಟಗಾರನಾದರೂ ಗುರುತು ಮೊಟ್ಟೆ ಥರ ಇರುತ್ತೆ, ಒಂದು ಕಡೆ ವಾಲಿರುತ್ತೆ. ದುಂಡಗಿರೋದು ನಾಣ್ಯ ಒಂದೇ."

ಅವಮಾನವಾದಾಗ ಮನುಷ್ಯ ಜಗಳವಾಡುತ್ತಾನೆ, ಇಲ್ಲವೇ ನಿಜ ಹೇಳುತ್ತಾನೆ. ಜಗಳವಾಡಲು ದವಡೆಗೆ ಯಾವ ಮುಖವೂ ಉಳಿದಿರಲಿಲ್ಲ. ಬಲಗೈ ಮುಂದೆ ಚಾಚಿದ.

"ಹೆಬ್ಬೆರಳು ಹೋಗ್ತಾ ಇದೆ ಮೇಸ್ತ್ರಿ. ಮನೇಲೂ ಹೇಳಿಲ್ಲ. ಎರಡು ವರ್ಷ ಬಿಟ್ಟು ಬಂದರೆ ಏನು ಹಿಡಿಯೋದು ನಾನು?"

ಮೇಸ್ತ್ರಿ ಆ ಬೆರಳಿನ ಬುಡವನ್ನು ತನ್ನ ಎರಡು ಬೆರಳಲ್ಲಿ ಹಿಡಿದು, ಕೋಲಿನ ಕತ್ತು ಎಷ್ಟು ಸಡಿಲವಿದೆ ಎಂದು ನೋಡುವಂತೆ ಮೆಲ್ಲಗೆ ಅಲ್ಲಾಡಿಸಿದ. ದವಡೆ ಹಲ್ಲು ಕಚ್ಚಿದ. ಅವು ಅವನ ಸ್ವಂತದವು.

"ಇದನ್ನು ಮೊದಲೇ ಹೇಳಬಾರದಾ? ತೆಳು ಐರನ್ನಲ್ಲಿ ತಪ್ಪಿದ ಏಟು ಎಲ್ಲಿಗೆ ಬರುತ್ತೆ ಅಂದುಕೊಂಡಿದ್ದೀಯ? ಸೀದಾ ಇಲ್ಲಿಗೆ. ಎರಡು ವರ್ಷ ಇರೋ ಬೆರಳು ಎರಡು ತಿಂಗಳಿಗೆ ಮುಗಿಯುತ್ತೆ. ದಪ್ಪ ಅಂದರೆ ಕಲಿಯೋರಿಗೆ ಅಂತ ಯಾರು ಹೇಳಿದ್ದು? ನೋಯೋರಿಗೂ ಅದೇ."

ದವಡೆಗೆ ಅಲ್ಲಿಗೆ ಎಲ್ಲ ಮುಗಿಯಿತು ಅನ್ನಿಸಿತು. ಏಳನೇ ನಂಬರನ್ನು ಟವೆಲಿನಲ್ಲಿ ಸುತ್ತಲು ಹೊರಟ. ಮೇಸ್ತ್ರಿ ಅವನನ್ನು ಬಿಡದೆ ಬಾಗಿಲಿಗೆ ಒರಗಿಸಿದ್ದ ಚೀಲಕ್ಕೆ ಕೈ ಹಾಕಿ ಒಂಬತ್ತನೇ ನಂಬರನ್ನು ಎಳೆದ. ಚೆಂಡು ಬೀಳಿಸಬೇಕಾದ ಗುಂಡಿಗೆ ಹತ್ತಿರ ಬಂದಾಗ ಹಿಡಿಯುವ ಗಿಡ್ಡ ಕೋಲು ಅದು. ಮೇಸ್ತ್ರಿ ನೋಡುವುದು ಏಳನೆಯದನ್ನೇ ಎಂದು ಬಲ್ಲ ದವಡೆ ಅದನ್ನು ಚಕ್ರದ ಹತ್ತಿರವೂ ಒಯ್ದಿರಲಿಲ್ಲ. ಹನ್ನೆರಡು ವರ್ಷದ ಮಣ್ಣು, ಗೀರು ಎಲ್ಲ ಇದ್ದ ಹಾಗೇ ಇತ್ತು.

ಮುದುಕ ಅಂಗಿಯ ಚುಂಗಿನಿಂದ ಅದರ ಮುಖ ಒರೆಸಿದ. ಕತ್ತಿನ ಬುಡದ ಕಡೆಗೆ ಕೊಂಚ ವಾಲಿದಂತೆ, ಮೊಟ್ಟೆಯಾಕಾರದ ಒಂದು ಮಂಕು ಗುರುತಿತ್ತು. ಅದರ ಮೇಲೆ ನಾಣ್ಯ ಇಟ್ಟ. ಒಂದು ಬದಿಯಲ್ಲಿ ಗುರುತು ಉಗುರಿನಷ್ಟು ಹೊರಗಿಣುಕಿತು.

"ಇದು ಬಾಯಲ್ಲೇ ಹುಟ್ಟಿದ ಹಲ್ಲು," ಎಂದ.

ಆಮೇಲೆ ಅವನು ಹೇಳಿದ್ದನ್ನು ದವಡೆ ಎಷ್ಟೋ ದಿನ ನೆನೆಯುತ್ತಿದ್ದ. ಎಲ್ಲವನ್ನೂ ಒಂದೇ ದಿನ ಬದಲಾಯಿಸಬೇಕು ಎಂದು ಯಾವ ಶಾಸ್ತ್ರವೂ ಹೇಳಿಲ್ಲವಂತೆ. ಗಿಡ್ಡ ಕೋಲು ಮೆಲ್ಲಗೆ ಬೀಸುವಂಥದ್ದು, ಅದರಲ್ಲಿ ದವಡೆಯ ಕೈ ಪಳಗಿದೆ, ಅದುರೂ ಕಡಿಮೆ. ಒಂಬತ್ತು ಮತ್ತು ಅದಕ್ಕಿಂತ ಗಿಡ್ಡದು, ಎರಡು ಮಾತ್ರ ತೆಳು. ದೂರದವೆಲ್ಲ ದಪ್ಪವೇ ಇರಲಿ, ಹಿಡಿಕೆಯನ್ನು ಮೆತ್ತಗೆ ದಪ್ಪ ಮಾಡಿಕೊಡುತ್ತೇನೆ, ಹೆಬ್ಬೆರಳಿಗೆ ಹಿತ. ಒಂದು ಷರತ್ತು: ಮನೆಯಲ್ಲಿ ಬೆರಳಿನ ವಿಷಯ ಇವತ್ತೇ ಹೇಳಬೇಕು.

"ಈ ಏಳನೇದನ್ನ ಏನು ಮಾಡಲಿ?" ಎಂದು ದವಡೆ ಕೇಳಿದ. ಗುರುತನ್ನು ಉಜ್ಜಿ ತೆಗೆಯೋಣವೆಂದು ಅವನ ಆಸೆ.

"ಏನೂ ಮಾಡಬೇಡ. ಇಟ್ಟವನು ನೀನೇ, ಹೊಡೆದು ಹೊಡೆದು ಅಳಿಸು."

ಮೊದಲು ಷರತ್ತು ನಡೆಯಿತು. ಹೆಂಡತಿ ಬೆರಳನ್ನು ದೀಪದ ಕೆಳಗೆ ಹಿಡಿದು ನೋಡಿ, ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಗತ್ತಿನಲ್ಲೇ ಯಾವಾಗಿನಿಂದ, ದಿನಕ್ಕೆ ಎಷ್ಟು ಹೊತ್ತು, ಯಾರಿಗೆ ತಿಳಿಸಿದ್ದೀರಿ ಎಂದು ಕೇಳಿದಳು. ಮೂರನೆಯ ಪ್ರಶ್ನೆಗೆ ಮೇಸ್ತ್ರಿಗೆ ಎಂದು ಉತ್ತರ ಬಂದಾಗ ಎರಡು ದಿನ ಮಾತು ಬಿಟ್ಟಳು. ಮೂರನೆಯ ದಿನ ಬೆರಳಿಗೆ ಕಟ್ಟುವ ಪಟ್ಟಿ ತಂದಳು, ಒಂದಲ್ಲ, ಎರಡು: ಒಂದು ಮೇಣಕ್ಕೆ, ಒಂದು ಆಟಕ್ಕೆ. ಕೋಲು ಕಿತ್ತುಕೊಳ್ಳಲಿಲ್ಲ. ತನ್ನ ಲೆಕ್ಕ ಇಷ್ಟು ತಪ್ಪಿದ್ದಕ್ಕೆ ದವಡೆಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು.

ಮೂರು ವಾರಕ್ಕೆ ಎರಡು ತೆಳು ಐರನ್ ತಯಾರಾದವು. ಮೇಸ್ತ್ರಿ ಒಂಬತ್ತನೆಯದರ ಕತ್ತಿನ ಮೇಲೆ ಉಳಿಯಿಟ್ಟು ಹೊಡೆದ. ಒಂಬತ್ತನೇ ನಂಬರಿಗೆ ಚುಕ್ಕೆ ಬಿದ್ದದ್ದು ಆ ಮೈದಾನದಲ್ಲಿ ಅದೇ ಮೊದಲು. ದವಡೆ ಕೈಗೆ ತೆಗೆದುಕೊಂಡ ಕೂಡಲೇ ಅವನ ಕಣ್ಣಿಗೆ ಬಿತ್ತು: ಚುಕ್ಕೆ ನಟ್ಟನಡುವೆ ಇರಲಿಲ್ಲ, ಕೂದಲೆಳೆಯಷ್ಟು ಎಡಕ್ಕಿತ್ತು. ಮುದುಕನ ಕೈ ತಪ್ಪಿತೋ, ಬೇಕೆಂದೇ ಹೊಡೆದನೋ, ಕೇಳಲಿಲ್ಲ. ಮುದುಕ ಆ ಕಡೆ ತಿರುಗಿ ಇನ್ನಾರದೋ ಹಿಡಿಕೆ ಕತ್ತರಿಸುತ್ತಿದ್ದ.

ಆ ಭಾನುವಾರ ಗುಂಡಿಯಿಂದ ನೂರು ಹೆಜ್ಜೆ ದೂರದಲ್ಲಿ ದವಡೆ ತೆಳು ಒಂಬತ್ತನ್ನು ಬೀಸಿದ. ಕೈಗೆ ಏನೂ ತಾಗಿದಂತಾಗಲಿಲ್ಲ. ಬರೀ ಒಂದು ಸಣ್ಣ ಸದ್ದು, ಚೆನ್ನಾಗಿ ಕಟ್ಟಿದ ಮೇಲಿನ ಹಲ್ಲು ಕೆಳಗಿನದರ ಮೇಲೆ ಸರಿಯಾಗಿ ಕೂತಾಗ ಬರುವಂಥದ್ದು. ಚೆಂಡು ಎದ್ದು, ಇಳಿದು, ಗುಂಡಿಯ ಹತ್ತಿರ ಕೂತಿತು. ಭಾವಮೈದ ಗಾದೆ ಹುಡುಕಿದ, ಸಿಗಲಿಲ್ಲ. ಮುಂದಿನ ಗುಂಡಿ ದೂರದ್ದು. ದವಡೆ ದಪ್ಪ ಏಳನ್ನು ತೆಗೆದ. ಚೆಂಡು ಕೋಲಿನ ತಲೆಯ ತುದಿಗೆ ತಾಗಿ ಓರೆಯಾಗಿ ಹೋಯಿತು, ಆದರೂ ಹೋಯಿತು. ಬೆರಳು ನೋಯಲಿಲ್ಲ.

ಡಾಕ್ಟರು ಆ ಏಳನೇ ನಂಬರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ಹೊಸ ಏಟಿನ ಮಣ್ಣು ಒಂದು ತುದಿಯಲ್ಲಿತ್ತು, ಹುಣ್ಣಿಮೆ ಚಂದ್ರ ನಡುವಿನಲ್ಲಿದ್ದ. ಡಾಕ್ಟರು ದಂಗಾದರು.

"ಏನ್ರೀ ಇದು, ಇಷ್ಟು ಕರೆಕ್ಟಾಗಿ ನಡುವಿಗೇ ಹೊಡೀತೀರಾ? ಇದಕ್ಕೇ ಚುಕ್ಕೆ ಕೊಡಬೇಕಿತ್ತು."

ಹೌದು ಎಂದರೆ ಮುಗಿಯುತ್ತಿತ್ತು. ದವಡೆ ಕೋಲನ್ನು ಅವರ ಕೈಯಿಂದ ತೆಗೆದುಕೊಂಡು ಚೀಲದೊಳಗೆ ಇಳಿಬಿಟ್ಟ.

"ಅದು ಕಟ್ಟಿಸಿದ್ದು ಡಾಕ್ಟ್ರೇ," ಎಂದ. "ನನ್ನ ಸ್ವಂತದ್ದು ಒಂಬತ್ತನೆಯದು."